ಹದಿನೈದರ ಮಕ್ಕಳಿಗೆ ಮೊದಲ ಗಾಡಿ: ಸಿಮ್ಸನ್ ಎಸ್51 ಕೊಂಡು, ರೆಡಿ ಮಾಡಿ, ಓಡಿಸುವ ಬಗೆ

ಜರ್ಮನಿಯಲ್ಲಿ 15 ವರ್ಷ ತುಂಬಿದವರಿಗೆ ಎಎಂ ದರ್ಜೆಯ ಲೈಸೆನ್ಸ್ ಸಿಗುತ್ತದೆ. ಆ ಲೈಸೆನ್ಸಿಗೆ ಶೋರೂಮಿನಿಂದ ಹೊಸ 50 ಸಿಸಿ ಗಾಡಿ ತಂದರೆ ಅದರ ವೇಗ ಗಂಟೆಗೆ 45 ಕಿ.ಮೀ.ಗೆ ಕಟ್ಟಿಹಾಕಿರುತ್ತದೆ. ಹಿಂದೆ ಲಾರಿ ಹಾರ್ನ್ ಹೊಡೆಯುತ್ತಿರುವಾಗ 45ರಲ್ಲಿ ಹೋಗುವುದು ಎಷ್ಟು ಕಷ್ಟ ಅಂತ ಹಳ್ಳಿ ರಸ್ತೆಯಲ್ಲಿ ಓಡಿಸಿದವರಿಗೆ ಗೊತ್ತು. ಅದೇ ಲೈಸೆನ್ಸಿನಲ್ಲಿ, ಅದೇ 50 ಸಿಸಿಯಲ್ಲಿ, ಕಾನೂನಿನ ಒಪ್ಪಿಗೆಯೊಂದಿಗೇ 60ರಲ್ಲಿ ಓಡಬಹುದಾದ ಹಳೇ ಗಾಡಿಗಳಿವೆ. ಪೂರ್ವ ಜರ್ಮನಿಯ ಸಿಮ್ಸನ್ ಗಾಡಿಗಳು. ಅವುಗಳಲ್ಲಿ ಹೊಸದಾಗಿ ಕಲಿಯುವವರಿಗೆ ನಾನು ಹೇಳುವುದು ಒಂದನ್ನೇ: ಎಸ್51.

ವೇಗ ಒಂದೇ ಕಾರಣವಲ್ಲ. ಓಡಿಸುವವರೇ ರಿಪೇರಿ ಮಾಡಿಕೊಳ್ಳಲಿ ಅಂತಲೇ ಈ ಗಾಡಿಯನ್ನು ಕಟ್ಟಿದ್ದಾರೆ. ನಾಲ್ಕು ನಟ್ಟು ಬಿಚ್ಚಿದರೆ ಹೆಡ್ಡು, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳ, ಕೈಗೆ ಬರುತ್ತದೆ. ಕಾರ್ಬೊರೇಟರನ್ನು ಅಡುಗೆಮನೆ ಮೇಜಿನ ಮೇಲಿಟ್ಟು ತೊಳೆಯಬಹುದು. ಹಾಗಾಗಿ ನನ್ನ ಸಲಹೆ ಇಷ್ಟು: ಥಳಥಳ ಹೊಳೆಯುವ ಗಾಡಿಗಿಂತ ಕಾಗದ ಸರಿಯಿರುವ, ಒಳಗೆ ಯಾರೂ ಕೈಯಾಡಿಸದ ಗಾಡಿ ಹುಡುಕಿ. ಆಮೇಲೆ ಅದನ್ನು ಮಗನ ಕೈಯಲ್ಲೋ ಮಗಳ ಕೈಯಲ್ಲೋ ರೆಡಿ ಮಾಡಿಸಿ. ಸ್ಟುಟ್‌ಗಾರ್ಟ್, ಮ್ಯೂನಿಕ್, ಫ್ರಾಂಕ್‌ಫರ್ಟ್ ಕಡೆ ಇರುವ ಕನ್ನಡದ ಮನೆಗಳಲ್ಲಿ ಮಕ್ಕಳು ಈ ವಯಸ್ಸಿಗೆ ಬರುತ್ತಿದ್ದಾರೆ. ಅವರನ್ನೂ ಅವರ ಅಪ್ಪ ಅಮ್ಮಂದಿರನ್ನೂ ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ಮೊದಲು ಗಾಡಿಯ ಪರಿಚಯ

ಸಿಮ್ಸನ್ ಹುಟ್ಟಿದ್ದು ತುರಿಂಗಿಯಾದ ಕಾಡುಬೆಟ್ಟಗಳ ನಡುವಿನ ಜುಲ್ ಎಂಬ ಊರಿನಲ್ಲಿ. 1856ರಲ್ಲಿ ಸಿಮ್ಸನ್ ಎಂಬ ಯಹೂದಿ ಮನೆತನದ ಅಣ್ಣತಮ್ಮಂದಿರು ಅಲ್ಲಿ ಕಂಪನಿ ಕಟ್ಟಿದರು. ಬಂದೂಕು, ಸೈಕಲ್ಲು, ಕಾರು ಎಲ್ಲವೂ ಅಲ್ಲಿ ತಯಾರಾದವು. 1930ರ ದಶಕದಲ್ಲಿ ನಾಜಿಗಳು ಕಾರ್ಖಾನೆಯನ್ನು ಕಿತ್ತುಕೊಂಡರು, ಆ ಕುಟುಂಬ ದೇಶ ಬಿಟ್ಟು ಓಡಬೇಕಾಯಿತು. ಇಂದಿಗೂ ಟ್ಯಾಂಕಿನ ಮೇಲಿರುವುದು ಅವರ ಹೆಸರೇ. ಗಾಡಿ ಕೊಳ್ಳುವ ಮಕ್ಕಳಿಗೆ ಇದು ಗೊತ್ತಿರಲಿ ಅಂತ ನನ್ನಾಸೆ.

ಯುದ್ಧದ ನಂತರ ಪೂರ್ವ ಜರ್ಮನಿಯಲ್ಲಿ ಕೆಲಸ ಹಂಚಿಕೆಯಾಯಿತು. ದೊಡ್ಡ ಬೈಕುಗಳು ಚೋಪಾವ್‌ ಊರಿನ ಎಂಝಡ್ ಕಾರ್ಖಾನೆಗೆ, ಸಣ್ಣವು ಜುಲ್‌ಗೆ. 1964ರಿಂದ ಶ್ವಾಲ್ಬೆ ಎಂಬ ಸ್ಕೂಟರಿನಂಥ ಗಾಡಿ ಬಂತು, 1975ರಲ್ಲಿ ಎಸ್50, 1980ರಲ್ಲಿ ಎಸ್51. ಬರ್ಲಿನ್ ಗೋಡೆ ಬಿದ್ದ ಮೇಲೆ ಕಾರ್ಖಾನೆ ಕುಂಟುತ್ತಾ ನಡೆದು 2002ರಲ್ಲಿ ಮುಚ್ಚಿತು. ಆದರೂ ಬಿಡಿಭಾಗಗಳಿಗೆ ಬರ ಇಲ್ಲ. ವಾಷರಿನಿಂದ ಹಿಡಿದು ಹೊಸ ಫ್ರೇಮಿನವರೆಗೆ ಎಲ್ಲವೂ ಇಂದಿಗೂ ತಯಾರಾಗುತ್ತಿದೆ.

ಎಸ್51ರ ಎಂಜಿನ್ ಗಾಳಿಯಿಂದ ತಣ್ಣಗಾಗುವ ಒಂಟಿ ಸಿಲಿಂಡರಿನ ಟೂ ಸ್ಟ್ರೋಕ್. ಬೋರ್ (ಸಿಲಿಂಡರಿನ ಒಳ ಅಗಲ) 38 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 44 ಮಿ.ಮೀ. ಶಕ್ತಿ 3.7 ಪಿಎಸ್ (ಅಶ್ವಶಕ್ತಿ), ಅದೂ 5,500 ಆರ್‌ಪಿಎಂನಲ್ಲೇ. ಕಡಿಮೆ ಅನ್ನಿಸಬಹುದು, ಆದರೆ ಗಾಡಿಯ ತೂಕವೇ ಸುಮಾರು 80 ಕೆ.ಜಿ. ಮೂರು ಗೇರಿನ ಎಂಜಿನ್ನಿಗೆ ಎಂ531, ನಾಲ್ಕು ಗೇರಿನದಕ್ಕೆ ಎಂ541 ಅಂತ ಹೆಸರು. ಆಮೇಲಿನ ಶ್ವಾಲ್ಬೆಗೂ ಎಸ್‌ಆರ್50 ಸ್ಕೂಟರಿಗೂ ಇದೇ ಎಂಜಿನ್ ಮನೆತನ. ಆದ್ದರಿಂದಲೇ ಸಾಮಾನು ಸುಲಭವಾಗಿ ಸಿಗುತ್ತದೆ.

ಮೈಸೂರಿನ ಜಾವಾ, ಯೆಜ್ಡಿ ಕಂಡವರಿಗೆ ಇದರ ಗುಣ ಹೊಸದಲ್ಲ. ಪೆಟ್ರೋಲಿಗೆ ಎಣ್ಣೆ ಬೆರೆಸುವುದು, ಪ್ಲಗ್ ಉಜ್ಜುವುದು, ಪಾಯಿಂಟ್ (ಕಿಡಿ ಹುಟ್ಟಿಸಲು ಕರೆಂಟು ಕಡಿಯುವ ಸಣ್ಣ ಸ್ವಿಚ್ಚು) ಗ್ಯಾಪ್ ನೋಡುವುದು, ಎಲ್ಲ ಅದೇ. ಜರ್ಮನ್ ಸಣ್ಣ ಟೂ ಸ್ಟ್ರೋಕ್‌ಗಳಿಗೂ ನಮಗೂ ನೇರ ನಂಟೂ ಉಂಟು. 1980ರ ದಶಕದಲ್ಲಿ ಎನ್‌ಫೀಲ್ಡ್ ಇಂಡಿಯಾ ಮಾರಿದ 50 ಸಿಸಿ ಎಕ್ಸ್‌ಪ್ಲೋರರ್, ಫ್ಯೂರಿ 175 ಗಾಡಿಗಳು ಪಶ್ಚಿಮ ಜರ್ಮನಿಯ ಝುಂಡಾಪ್ ವಿನ್ಯಾಸದವು. ಮನೆಯಲ್ಲಿ ಅಂಥ ಗಾಡಿ ಬಿಚ್ಚಿ ಕೂಡಿಸಿದ ಅಜ್ಜನೋ ದೊಡ್ಡಪ್ಪನೋ ಇದ್ದರೆ ವಿಡಿಯೋ ಕಾಲ್ ಮಾಡಿ. ಅವರಿಗೆ ಎಸ್51ರ ಎಂಜಿನ್ ನೋಡಿದ ತಕ್ಷಣ ಅರ್ಥವಾಗುತ್ತದೆ.

ಹಂತ 1: ಲೈಸೆನ್ಸ್ ಮತ್ತು ಕಾಗದ

ಗಾಡಿ ನೋಡಲು ಹೋಗುವ ಮುಂಚೆ ಇದನ್ನು ಓದಿ. ದುಡ್ಡು ಕಳೆದುಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಎಎಂ ಲೈಸೆನ್ಸಿನ ವಯಸ್ಸನ್ನು 2021ರ ಜುಲೈನಲ್ಲಿ ಇಡೀ ಜರ್ಮನಿಗೆ 15 ಮಾಡಿದರು. ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಇರುತ್ತವೆ. 16 ತುಂಬುವವರೆಗೆ ಈ ಲೈಸೆನ್ಸ್ ಜರ್ಮನಿಯೊಳಗೆ ಮಾತ್ರ ನಡೆಯುತ್ತದೆ, ಗಡಿ ದಾಟುವ ಹಾಗಿಲ್ಲ. ಅಪ್ಪ ಅಮ್ಮನ ಹತ್ತಿರ ಜರ್ಮನ್ ಕಾರು ಲೈಸೆನ್ಸ್ ಇದ್ದರೆ ಅದರಲ್ಲೇ ಎಎಂ ಸೇರಿರುತ್ತದೆ. ಅಂದರೆ ಅವರೂ ಎಸ್51 ಓಡಿಸಬಹುದು. ಭಾರತದ ಲೈಸೆನ್ಸ್ ಮಾತ್ರ ಇರುವವರಿಗೆ ಜರ್ಮನಿಯಲ್ಲಿ ನೆಲೆಸಿದ ಮೇಲೆ ಆರು ತಿಂಗಳಷ್ಟೇ ಅವಕಾಶ, ಆಮೇಲೆ ಜರ್ಮನ್ ಲೈಸೆನ್ಸ್ ಮಾಡಿಸಲೇಬೇಕು.

60 ಕಿ.ಮೀ. ವಿನಾಯಿತಿಯ ಮೂಲ ಎರಡು ಜರ್ಮನಿ ಒಂದಾದಾಗ ಮಾಡಿಕೊಂಡ ಒಪ್ಪಂದ. ಪೂರ್ವ ಜರ್ಮನಿಯ ನಿಯಮದ ಪ್ರಕಾರ ತಯಾರಾಗಿ 1992ರ ಫೆಬ್ರವರಿ ಕೊನೆಯೊಳಗೆ ಮೊದಲ ಬಾರಿಗೆ ರಸ್ತೆಗೆ ಇಳಿದ ಗಾಡಿಗಳಿಗೆ ಮಾತ್ರ ಅದು ಸಿಗುತ್ತದೆ. ಆಮೇಲೆ ಬಂದ ಎಸ್53ರಂಥ ಮಾದರಿಗಳನ್ನು ಕೊಳ್ಳುವಾಗ ಅವುಗಳ ಕಾಗದದಲ್ಲಿ ಎಷ್ಟು ವೇಗ ಬರೆದಿದೆ ಅಂತ ನೋಡಿಯೇ ಮುಂದುವರಿಯಿರಿ. ಹಂಗೇರಿಯಂಥ ದೇಶಗಳಿಗೆ ಆಗ ರಫ್ತಾಗಿ ಈಗ ವಾಪಸ್ ಬರುತ್ತಿರುವ ಸಿಮ್ಸನ್‌ಗಳೂ ಮಾರಾಟಕ್ಕಿವೆ. ನೋಡಲು ಒಂದೇ ಥರ, ಬೆಲೆಯೂ ಕಡಿಮೆ. ಆದರೆ ಅವಕ್ಕೆ ಈ ವಿನಾಯಿತಿ ತಾನಾಗಿಯೇ ಬಂದುಬಿಡುತ್ತದೆ ಅಂತ ನಂಬಬೇಡಿ. ಫ್ಲೆನ್ಸ್‌ಬುರ್ಗ್‌ನಲ್ಲಿರುವ ಕೇಂದ್ರ ಮೋಟಾರು ವಾಹನ ಕಚೇರಿಯನ್ನು ಕೇಳಿ, ಉತ್ತರ ಬಂದ ಮೇಲೆ ದುಡ್ಡು ಕೊಡಿ.

ಇನ್ನೊಂದು ಎಚ್ಚರಿಕೆ. ಎಸ್70 ಅನ್ನುವುದು ಎಸ್51ರ ಅಣ್ಣ. 70 ಸಿಸಿ, 75 ಕಿ.ಮೀ. ವೇಗ. ಹಳೇ ಶ್ಪೆರ್ಬರ್ ಕೂಡ 75 ಓಡುತ್ತದೆ. ಇವೆರಡಕ್ಕೂ ಎಎಂ ಸಾಲದು.

ನೀವು ಕೇಳಬೇಕಾದ ಕಾಗದದ ಹೆಸರು ಬೆಟ್ರೀಬ್ಸ್‌ಎರ್ಲಾವ್ಬ್‌ನಿಸ್. ಗಾಡಿ ರಸ್ತೆಯಲ್ಲಿ ಓಡಬಹುದು ಅನ್ನುವ ಪರವಾನಗಿ ಅದು. ಹ್ಯಾಂಡಲ್ ಕೆಳಗಿನ ತಟ್ಟೆಯಲ್ಲಿರುವ ನಂಬರು, ಫ್ರೇಮಿನಲ್ಲೇ ಕೆತ್ತಿದ ನಂಬರು, ಕಾಗದದ ನಂಬರು, ಮೂರೂ ಒಂದೇ ಇರಬೇಕು. ತಟ್ಟೆ ಹೊಸದಾಗಿ ಮಿನುಗುತ್ತಿದ್ದರೆ ಅಥವಾ ಕೆತ್ತಿದ ಜಾಗದಲ್ಲಿ ಉಜ್ಜಿದ ಗುರುತಿದ್ದರೆ ಸುಮ್ನೆ ಹೊರಟುಬಿಡಿ. ಸಿಮ್ಸನ್ ಕಳ್ಳತನ ಅಲ್ಲಿ ಮಾಮೂಲಿ. ಕಾಗದ ಕಳೆದಿದೆ ಅಂತ ಮಾರುವವರು ಹೇಳಿದರೆ ಗಾಬರಿ ಬೇಡ. ಅದೇ ಫ್ಲೆನ್ಸ್‌ಬುರ್ಗ್ ಕಚೇರಿ ಹೊಸ ಪ್ರತಿ ಕೊಡುತ್ತದೆ. ಆ ಕೆಲಸವನ್ನು ಮಾರುವವರೇ ಮಾಡಿಸಿಕೊಡಲಿ.

ರಿಜಿಸ್ಟ್ರೇಷನ್ ಇಲ್ಲ, ರಸ್ತೆ ತೆರಿಗೆ ಇಲ್ಲ, ಎರಡು ವರ್ಷಕ್ಕೊಮ್ಮೆ ಮಾಡಿಸುವ ತಪಾಸಣೆಯೂ ಇಲ್ಲ. ಇನ್ಶೂರೆನ್ಸ್ ಮಾಡಿಸಿದರೆ ಒಂದು ಸಣ್ಣ ನಂಬರ್ ಪ್ಲೇಟು ಕೊಡುತ್ತಾರೆ, ಅಷ್ಟೇ. ಅದು ಮಾರ್ಚ್ 1ರಿಂದ ಮುಂದಿನ ಫೆಬ್ರವರಿ ಕೊನೆಯವರೆಗೆ ನಡೆಯುತ್ತದೆ. ಕಪ್ಪು, ನೀಲಿ, ಹಸಿರು ಅಂತ ಪ್ರತಿ ವರ್ಷ ಬಣ್ಣ ಬದಲಾಗುವುದರಿಂದ ಹಳೇ ಪ್ಲೇಟು ಪೊಲೀಸರಿಗೆ ದೂರದಿಂದಲೇ ಕಾಣುತ್ತದೆ. 23 ವರ್ಷದೊಳಗಿನವರಿಗೆ ಕಂತು ಸ್ವಲ್ಪ ಜಾಸ್ತಿ. ಕಳ್ಳತನದ ರಕ್ಷಣೆಯನ್ನೂ ಸೇರಿಸಿಕೊಳ್ಳಿ.

ಹಂತ 2: ಗಾಡಿ ನೋಡುವುದು

ಮಾರುವವರಿಗೆ ಮೊದಲೇ ಹೇಳಿ: ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ. ಬಿಸಿ ಎಂಜಿನ್ ಎಲ್ಲ ರೋಗವನ್ನೂ ಮುಚ್ಚಿಡುತ್ತದೆ. ಹೋದ ಕೂಡಲೇ ಸಿಲಿಂಡರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ.

ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಡಿ. ಒಳಗೆ ಕೆಂಪು ತುಕ್ಕು ಉದುರುತ್ತಿದ್ದರೆ ಮುಂದೆ ಕಾರ್ಬೊರೇಟರ್ ಪದೇ ಪದೇ ಕಟ್ಟಿಕೊಳ್ಳುತ್ತದೆ. ಮುಂದಿನ ಚಕ್ರ ನೆಲದಿಂದ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸಿ. ನಡುವೆ ಟಕ್ ಅಂತ ಕೂತರೆ ಹ್ಯಾಂಡಲ್ ಬೇರಿಂಗ್ ಹೋಗಿದೆ. ಹಿಂದಿನ ಚಕ್ರ ಹಿಡಿದಿರುವ ತೋಳು, ಅಂದರೆ ಸ್ವಿಂಗ್ ಆರ್ಮ್, ಹಿಡಿದು ಪಕ್ಕಕ್ಕೆ ಅಲುಗಿಸಿ, ಬುಷ್ ಸವೆದಿದ್ದರೆ ಕೈಗೆ ಗೊತ್ತಾಗುತ್ತದೆ. ಇವೆಲ್ಲ ಸರಿಮಾಡಬಹುದಾದವು, ಬೆಲೆ ಇಳಿಸಲು ನೆಪ ಅಂದುಕೊಳ್ಳಿ. ಸರಿಯಾಗದ್ದು ಫ್ರೇಮು. ಬೆಸುಗೆ ಹಾಕಿದ ಕಡೆಗಳಲ್ಲಿ ಬಿರುಕು, ಗ್ರೈಂಡರ್ ಹಿಡಿದು ಕತ್ತರಿಸಿದ ಗುರುತು, ಸೊಟ್ಟಗಾದ ಹಿಂಭಾಗ ಕಂಡರೆ ಎಷ್ಟೇ ಅಗ್ಗವಿದ್ದರೂ ಬೇಡ.

ಈಗ ಕಿಕ್ಕರ್. ಎಸ್51ರಲ್ಲಿ ಕಿಕ್ಕರೂ ಗೇರ್ ಪೆಡಲೂ ಎರಡೂ ಎಡಗಡೆ. ಯೆಜ್ಡಿಯಲ್ಲಿ ಒಂದೇ ಲಿವರ್ ಎರಡೂ ಕೆಲಸ ಮಾಡುತ್ತಿತ್ತು, ಇಲ್ಲಿ ಬೇರೆ ಬೇರೆ. ಕಿಕ್ಕರನ್ನು ಕೈಯಿಂದಲೇ ನಿಧಾನ ಒತ್ತಿ. ಒಂದು ಕಡೆ ಗಟ್ಟಿಯಾಗಿ ತಡೆದು ಆಮೇಲೆ ಬಿಡಬೇಕು. ಬೆಣ್ಣೆಯಲ್ಲಿ ಚಾಕು ಹೋದಂತೆ ಸಲೀಸಾಗಿ ಇಳಿದರೆ ಕಂಪ್ರೆಷನ್ ಇಲ್ಲ, ಪಿಸ್ಟನ್ನೋ ರಿಂಗೋ ಹೋಗಿದೆ.

ಸ್ಟಾರ್ಟ್ ಆದ ಮೇಲೆ ಹೊಗೆ ನೋಡಿ. ಮೊದಲ ಎರಡು ನಿಮಿಷ ನೀಲಿ ಹೊಗೆ ಬಂದರೆ ಪರವಾಗಿಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ದಟ್ಟವಾಗಿ ಬರುತ್ತಲೇ ಇದ್ದರೆ, ಗೇರ್ ಆಯಿಲ್ ಕಡಿಮೆಯಾಗಿದ್ದರೆ, ಕ್ಲಚ್ ಕಡೆಯ ಆಯಿಲ್ ಸೀಲ್ ಹೋಗಿ ಆ ಎಣ್ಣೆ ಎಂಜಿನ್ನಿಗೆ ಎಳೆದುಕೊಳ್ಳುತ್ತಿದೆ ಅಂತ ಅರ್ಥ. ಆಕ್ಸಿಲೇಟರ್ ಬಿಟ್ಟರೂ ಎಂಜಿನ್ ಕೂಗುತ್ತಾ ನಿಧಾನಕ್ಕೆ ಇಳಿದರೆ ಇನ್ನೊಂದು ಕಡೆಯ ಸೀಲಿನಿಂದಲೋ ಕಾರ್ಬೊರೇಟರ್ ಕೂರುವ ಪ್ಯಾಕಿಂಗ್‌ನಿಂದಲೋ ಗಾಳಿ ಹೋಗುತ್ತಿದೆ. ಇದು ಅಪಾಯದ್ದು. ಗಾಳಿ ಜಾಸ್ತಿಯಾದರೆ ಪೆಟ್ರೋಲ್ ಕಡಿಮೆ, ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ, ಕೊನೆಗೆ ಎಂಜಿನ್ ಸೀಜ್, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ.

ಕೊನೆಯ ಪರೀಕ್ಷೆ ಬೋರಿನದು. ತುಂಬಾ ಹುಡುಗರು 60 ಸಿಸಿ ಸಿಲಿಂಡರ್ ಹಾಕಿ 50 ಅಂತಲೇ ಓಡಿಸುತ್ತಿರುತ್ತಾರೆ. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಮಾರುವವರು ಒಪ್ಪಿದರೆ ಹೆಡ್ಡಿನ ನಾಲ್ಕು ನಟ್ಟು ಬಿಚ್ಚಿ ವರ್ನಿಯರ್ ಹಿಡಿಯಿರಿ. 38 ಮಿ.ಮೀ., ಮರುಬೋರ್ ಮಾಡಿದ್ದರೆ ಅದಕ್ಕಿಂತ ಕೂದಲೆಳೆ ಜಾಸ್ತಿ, ಅಷ್ಟೇ ಇರಬೇಕು. ಒಪ್ಪದಿದ್ದರೆ ಕರಾರುಪತ್ರದಲ್ಲಿ ‘ಎಂಜಿನ್ 50 ಸಿಸಿ, ಮೂಲ ಸ್ಥಿತಿ’ ಅಂತ ಬರೆಸಿ ಸಹಿ ತೆಗೆದುಕೊಳ್ಳಿ.

ದೊಡ್ಡ ಸಿಲಿಂಡರಿಗೆ ಯಾಕೆ ಇಷ್ಟು ಹೆದರಬೇಕು? ಸಿಸಿ ಹೆಚ್ಚಿದ ಕ್ಷಣಕ್ಕೆ ಗಾಡಿ ರಸ್ತೆಯಲ್ಲಿ ಓಡುವ ಪರವಾನಗಿ ರದ್ದಾಗುತ್ತದೆ. ಎಎಂ ಲೈಸೆನ್ಸ್ ಅದಕ್ಕೆ ಸಲ್ಲುವುದಿಲ್ಲ, ಅಂದರೆ ಲೈಸೆನ್ಸಿಲ್ಲದೆ ಓಡಿಸಿದಂತೆ. ಜರ್ಮನಿಯಲ್ಲಿ ಅದು ದಂಡ ಕಟ್ಟಿ ಬರುವ ತಪ್ಪಲ್ಲ, ಅಪರಾಧ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಕೊಟ್ಟ ಹಣವನ್ನು ನಿಮ್ಮಿಂದಲೇ ವಸೂಲಿ ಮಾಡಬಹುದು. 15ನೇ ವಯಸ್ಸಿಗೆ ಮಕ್ಕಳ ಮೇಲೆ ಕೇಸು ಬೇಕಾ? 3.7 ಪಿಎಸ್ ಸಾಕು. ನಿಜವಾಗಿಯೂ ಸಾಕು.

ಯಾವ ಮಾದರಿ ಆರಿಸಬೇಕು? ಎಸ್51 ಎನ್ ತೀರಾ ಸರಳ, ಇಂಡಿಕೇಟರ್ ಕೂಡ ಇಲ್ಲ. ಬಿ1 ಮಾದರಿಯಲ್ಲಿ ಪಾಯಿಂಟ್ ಇಗ್ನಿಷನ್. ಬಿ2ರಲ್ಲಿ ಎಲೆಕ್ಟ್ರಾನಿಕ್, ಹೆಡ್‌ಲೈಟೂ ವಾಸಿ. ಎತ್ತರದ ಸೈಲೆನ್ಸರಿನ ಎಂಡ್ಯೂರೊ ನೋಡಲು ಚಂದ, ಅದಕ್ಕೇ ಬೆಲೆ ಜಾಸ್ತಿ. ನನ್ನ ಆಯ್ಕೆ ನಾಲ್ಕು ಗೇರಿನ ಬಿ1-4. ಪಾಯಿಂಟ್ ಇರುವ ಗಾಡಿಯಲ್ಲಿ ಕರೆಂಟು ಹೇಗೆ ಹುಟ್ಟುತ್ತದೆ, ಎಲ್ಲಿ ತಪ್ಪುತ್ತದೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ಕಲಿಯುವವರಿಗೆ ಅದು ಒಳ್ಳೆಯದು.

ಹಂತ 3: ಮನೆಗೆ ತಂದ ಮೇಲೆ

ತಂದ ದಿನವೇ ಓಡಿಸಬೇಡಿ. ಒಂದು ವಾರಾಂತ್ಯ ಇದಕ್ಕೆ ಇಡಿ. ಸ್ಪ್ಯಾನರ್ ಸೆಟ್ಟು, ಪ್ಲಗ್ ಪಾನ, ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿಗಳು), ಡಯಲ್ ಗೇಜ್ (ಪಿಸ್ಟನ್ ಎಷ್ಟು ಸರಿದಿದೆ ಅಂತ ತೋರಿಸುವ ಮಾಪಕ), ಒಳ್ಳೆಯ ಸ್ಕ್ರೂಡ್ರೈವರ್, ಒಂದು ಮಲ್ಟಿಮೀಟರ್ ಇದ್ದರೆ ಸಾಕು. ಸ್ಪ್ಯಾನರ್ ಮಕ್ಕಳ ಕೈಯಲ್ಲಿರಲಿ, ದೊಡ್ಡವರು ಪಕ್ಕದಲ್ಲಿ ಕೂತು ಟಾರ್ಚ್ ಹಿಡಿಯಲಿ.

ಮೊದಲು ಗೇರ್ ಆಯಿಲ್. ಐದು ನಿಮಿಷ ಎಂಜಿನ್ ಓಡಿಸಿ ಬಿಸಿ ಮಾಡಿ, ಕೆಳಗಿನ ಬೋಲ್ಟ್ ಬಿಚ್ಚಿ ಹಳೇ ಎಣ್ಣೆ ಇಳಿಸಿ. ಬೆರಳ ನಡುವೆ ಉಜ್ಜಿ ನೋಡಿ. ಸಣ್ಣ ಬೂದು ಪುಡಿ ಇದ್ದರೆ ಸಹಜ, ಚೂರುಗಳಿದ್ದರೆ ಗೇರು ಹಲ್ಲು ಮುರಿದಿದೆ. ಹೊಸದಾಗಿ 0.4 ಲೀಟರ್ ಎಸ್‌ಎಇ 80 ಗೇರ್ ಆಯಿಲ್ ಹಾಕಿ. ಕಾರಿನ ಎಂಜಿನ್ ಆಯಿಲ್ ಹಾಕಬೇಡಿ. ಕ್ಲಚ್ ಇದೇ ಎಣ್ಣೆಯಲ್ಲಿ ಮುಳುಗಿರುತ್ತದೆ, ತಪ್ಪು ಎಣ್ಣೆ ಬಿದ್ದರೆ ಜಾರುತ್ತದೆ.

ಆಮೇಲೆ ಕಾರ್ಬೊರೇಟರ್. ಎಸ್51ರಲ್ಲಿ ಹೆಚ್ಚಾಗಿ ಇರುವುದು ಬಿವಿಎಫ್ 16ಎನ್1-11. ಪೆಟ್ರೋಲ್ ಕಾಕ್ ಮುಚ್ಚಿ, ಪೈಪ್ ಎಳೆದು, ಎರಡು ನಟ್ಟು ಬಿಚ್ಚಿ ಹೊರಗೆ ತೆಗೆಯಿರಿ. ಕೆಳಗಿನ ಬಟ್ಟಲು ಬಿಚ್ಚುವ ಮುಂಚೆ ಒಂದು ಬಿಳಿ ತಟ್ಟೆ ಇಟ್ಟುಕೊಳ್ಳಿ, ಒಳಗಿನ ಕಸ ಅದರಲ್ಲಿ ಕಾಣಲಿ. ಹಳದಿ ಅಂಟು ಕಂಡರೆ ಪೆಟ್ರೋಲ್ ವರ್ಷಗಟ್ಟಲೆ ನಿಂತಿದೆ. ಕಂದು ಪುಡಿ ಕಂಡರೆ ಟ್ಯಾಂಕಿನ ತುಕ್ಕು. ನೀರಿನ ಹನಿಗಳು ಗುಂಡಗೆ ಉರುಳಾಡುತ್ತಿದ್ದರೆ ಸ್ಟಾರ್ಟ್ ಆಗದ ಕಾರಣ ಅಲ್ಲೇ ಸಿಕ್ಕಿತು.

ಫ್ಲೋಟಿನ ಕಂಬಿ ಎಳೆದು ಫ್ಲೋಟು ಎತ್ತಿದರೆ ಅದರ ಕೆಳಗೆ ಸಣ್ಣ ಸೂಜಿ. ಪೆಟ್ರೋಲ್ ಎಷ್ಟು ಬರಬೇಕು ಅಂತ ತಡೆಯುವುದು ಅದೇ. ಅದರ ಮೊನೆಯಲ್ಲಿ ಬಳೆಯಂತೆ ಗೆರೆ ಬಿದ್ದಿದ್ದರೆ ಹೊಸದು ಹಾಕಿ. ಜೆಟ್‌ಗಳನ್ನು (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತಿರುಪುಗಳು) ಸರಿಯಾದ ಅಗಲದ ಸ್ಕ್ರೂಡ್ರೈವರಿನಿಂದಲೇ ಬಿಚ್ಚಿ, ಹಿತ್ತಾಳೆ ಬೇಗ ಹರಿಯುತ್ತದೆ. ಬೆಳಕಿಗೆ ಹಿಡಿದರೆ ತೂತು ಪೂರ್ತಿ ದುಂಡಗೆ ಕಾಣಬೇಕು. ತಂತಿ ತೂರಿಸಬೇಡಿ. ತೂತು ಕೂದಲಷ್ಟು ದೊಡ್ಡದಾದರೂ ಲೆಕ್ಕ ತಪ್ಪುತ್ತದೆ. ಕ್ಲೀನರ್ ಸ್ಪ್ರೇ ಹೊಡೆದು ಗಾಳಿ ಊದಿದರೆ ಸಾಕು. ದೊಡ್ಡ ಜೆಟ್ಟಿನ ಮೇಲೆ 72 ಅಂತ ಇರಬೇಕು. ಬೇರೆ ನಂಬರಿದ್ದರೆ ಹಿಂದಿನವರು ಏನೋ ಪ್ರಯೋಗ ಮಾಡಿದ್ದಾರೆ, 72 ತಂದು ಹಾಕಿ. ವಾಪಸ್ ಕೂರಿಸುವಾಗ ಎಂಜಿನ್ನಿಗೆ ಅಂಟುವ ಮುಖವನ್ನು ಗಾಜಿನ ಮೇಲಿಟ್ಟು ನೋಡಿ. ಹಿಂದಿನವರು ಬಿಗಿಯಾಗಿ ತಿರುಪಿ ಬಗ್ಗಿಸಿದ್ದರೆ ನಡುವೆ ಬೆಳಕು ಕಾಣುತ್ತದೆ. ಗಾಜಿನ ಮೇಲೆ ನೀರುಕಾಗದ (ನೀರು ಹಾಕಿ ಉಜ್ಜುವ ಮರಳುಕಾಗದ) ಅಂಟಿಸಿ ನಿಧಾನ ಉಜ್ಜಿದರೆ ಸಮವಾಗುತ್ತದೆ.

ಮೂರನೆಯದು ಕರೆಂಟು. ಪ್ಲಗ್ ಗ್ಯಾಪ್ 0.4 ಮಿ.ಮೀ. ಪಾಯಿಂಟ್ ಪೂರ್ತಿ ತೆರೆದಾಗ ಅದರ ಗ್ಯಾಪ್ ಕೂಡ 0.4. ನೆನಪಿಡುವುದು ಸುಲಭ ಅಲ್ವಾ? ಮೂಲ ಪ್ಲಗ್ ಇಸೊಲೇಟರ್ ಕಂಪನಿಯ 260, ಈಗಲೂ ಸಿಗುತ್ತದೆ. ಟೈಮಿಂಗ್ ಅಂದರೆ ಪಿಸ್ಟನ್ ಮೇಲ್ತುದಿಗೆ ಬರುವ 1.8 ಮಿ.ಮೀ. ಮೊದಲು ಪಾಯಿಂಟ್ ತೆರೆಯಬೇಕು. ಪ್ಲಗ್ ತೂತಿಗೆ ಡಯಲ್ ಗೇಜ್ ತಿರುಗಿಸಿ ಪಿಸ್ಟನ್ನಿನ ಮೇಲ್ತುದಿ ಕಂಡುಹಿಡಿಯಿರಿ. ಎಂಜಿನ್ನಿನ ಜೊತೆ ಸುತ್ತುವ ಮ್ಯಾಗ್ನೆಟ್ ಚಕ್ರವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಮತ್ತೆ ಓಡುವ ದಿಕ್ಕಿಗೆ ತಂದು 1.8ಕ್ಕೆ ನಿಲ್ಲಿಸಿ. ಪಾಯಿಂಟ್ ಬಿಡುವ ಕ್ಷಣವೂ ಅದೂ ಒಂದೇ ಆಗುವ ತನಕ ಒಳಗಿನ ಪ್ಲೇಟನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋಗಿ. ಮೊದಲ ಸಲ ತಾಳ್ಮೆ ಬೇಕು. ಒಮ್ಮೆ ಕೈಗೆ ಹತ್ತಿದರೆ ಮತ್ತೆ ಯಾರನ್ನೂ ಕೇಳಬೇಕಿಲ್ಲ.

ಗಾಡಿ ತಣ್ಣಗಿದ್ದಾಗ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ನಿಂತು, ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆಯಾ? ಕಾರ್ಬೊರೇಟರ್ ಬಿಚ್ಚುವ ಮುಂಚೆ ಕಂಡೆನ್ಸರ್ ಬದಲಿಸಿ. ಆಗಲೂ ಹಾಗೇ ಆದರೆ ಇಗ್ನಿಷನ್ ಕಾಯಿಲ್ ನೋಡಿ.

ಬ್ರೇಕ್ ಎರಡೂ ಡ್ರಮ್. ಚಕ್ರ ಬಿಚ್ಚಿ ಒಳಗಿನ ಪುಡಿ ಒರೆಸಿ, ಸವೆದಿದ್ದರೆ ಲೈನರ್ ಬದಲಿಸಿ, ಕೇಬಲ್ ಹೊಸದು ಹಾಕಿ. ಟೈರ್ ಎಷ್ಟು ಹಳೆಯದು ಅಂತ ಅದರ ಪಕ್ಕದ ನಾಲ್ಕು ಅಂಕಿಯ ಸಂಖ್ಯೆ ಹೇಳುತ್ತದೆ: ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಟೈರಿನ ಗೆರೆಗಳು ಸವೆಯದಿದ್ದರೂ ರಬ್ಬರ್ ಗಟ್ಟಿಯಾಗಿದ್ದರೆ ಮಳೆಯಲ್ಲಿ ಜಾರುತ್ತದೆ. ಟೈರಿನಲ್ಲೂ ಬ್ರೇಕಿನಲ್ಲೂ ದುಡ್ಡು ಉಳಿಸಬೇಡಿ. ಬಣ್ಣ ಮುಂದಿನ ವರ್ಷವೂ ಹೊಡೆಸಬಹುದು.

ಹಂತ 4: ಪೆಟ್ರೋಲಿಗೆ ಎಣ್ಣೆ

ಲೆಕ್ಕ 1ಕ್ಕೆ 50. ಅಂದರೆ 5 ಲೀಟರ್ ಪೆಟ್ರೋಲಿಗೆ 100 ಮಿ.ಲೀ. ಟೂ ಸ್ಟ್ರೋಕ್ ಎಣ್ಣೆ. ಟ್ಯಾಂಕ್ ಹಿಡಿಯುವುದು 8.7 ಲೀಟರ್. ಮನೆಯಲ್ಲೇ 5 ಲೀಟರಿನ ಕ್ಯಾನಿನಲ್ಲಿ ಬೆರೆಸಿ, ಅಲ್ಲಾಡಿಸಿ, ಆಮೇಲೆ ಸುರಿಯುವುದು ಒಳ್ಳೆಯದು. ಬಂಕಿನಲ್ಲೇ ಹಾಕುವುದಾದರೆ ಮೊದಲು ಎಣ್ಣೆ, ಮೇಲೆ ಪೆಟ್ರೋಲ್, ಆಗ ತಾನೇ ಬೆರೆಯುತ್ತದೆ. ‘ಸೇಫ್ಟಿಗೆ ಇರಲಿ’ ಅಂತ ಎಣ್ಣೆ ಜಾಸ್ತಿ ಹಾಕಿದರೆ ಪ್ಲಗ್ ಕಪ್ಪಾಗಿ ಸೈಲೆನ್ಸರ್ ಕಟ್ಟಿಕೊಳ್ಳುತ್ತದೆ. ಹಳೇ ಶ್ವಾಲ್ಬೆಯ ಕೆಲವು ಮಾದರಿಗಳಿಗೆ 1ಕ್ಕೆ 33 ಬೇಕು, ಆ ಲೆಕ್ಕವನ್ನು ಇಲ್ಲಿಗೆ ತರಬೇಡಿ. ಎಥನಾಲ್ ಕಡಿಮೆ ಇರುವ ಇ5 ಪೆಟ್ರೋಲ್ ಹಾಕಿದರೆ ಹಳೇ ರಬ್ಬರ್ ಪೈಪು, ವಾಷರುಗಳು ಹೆಚ್ಚು ಕಾಲ ಬಾಳುತ್ತವೆ.

ಹಂತ 5: ಸ್ಟಾರ್ಟ್ ಮತ್ತು ಮೊದಲ ಸವಾರಿ

ಕಾಕ್ ತೆರೆಯಿರಿ. ಬಟ್ಟಲು ತುಂಬಲು ಅರ್ಧ ನಿಮಿಷ ಕೊಡಿ. ಚೋಕ್ ಎಳೆಯಿರಿ. ಆಕ್ಸಿಲೇಟರ್ ಮುಟ್ಟಬೇಡಿ, ಅದು ಮುಚ್ಚಿದ್ದರೆ ಮಾತ್ರ ಈ ಕಾರ್ಬೊರೇಟರಿನ ಚೋಕ್ ಕೆಲಸ ಮಾಡುತ್ತದೆ. ಒಂದೆರಡು ಸಲ ನಿಧಾನ ಒದ್ದು, ಆಮೇಲೆ ಗಟ್ಟಿಯಾಗಿ ಒದೆಯಿರಿ. ಹತ್ತು ಒದೆತಕ್ಕೂ ಬರದಿದ್ದರೆ ಪ್ಲಗ್ ಬಿಚ್ಚಿ. ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿ ಹೋಗಿದೆ ಅಥವಾ ಕರೆಂಟು ಬರುತ್ತಿಲ್ಲ. ಒಣಗಿದ್ದರೆ ಪೆಟ್ರೋಲೇ ಬಂದಿಲ್ಲ. ಇದೊಂದು ಗೊತ್ತಿದ್ದರೆ ಅರ್ಧ ರಿಪೇರಿ ಮುಗಿದಂತೆ.

ಗೇರ್ ಒಂದು ಕೆಳಗೆ, ಉಳಿದವು ಮೇಲೆ. ಖಾಲಿ ಪಾರ್ಕಿಂಗ್ ಜಾಗ ಸಿಕ್ಕರೂ ಅದು ಸಾರ್ವಜನಿಕರದ್ದಾದರೆ ಲೈಸೆನ್ಸ್ ಇಲ್ಲದೆ ಅಭ್ಯಾಸ ಮಾಡಿಸಬೇಡಿ. ಸ್ವಂತ ಅಂಗಳವೋ ಬೇಲಿ ಹಾಕಿದ ಖಾಸಗಿ ಜಾಗವೋ ಬೇಕು. ಹೆಲ್ಮೆಟ್ ಕಡ್ಡಾಯ. ಕೈಗವಸು, ದಪ್ಪ ಜಾಕೆಟ್, ಹಿಮ್ಮಡಿ ಮುಚ್ಚುವ ಶೂಗಳನ್ನು ಕಾನೂನು ಕೇಳುವುದಿಲ್ಲ, ನೀವು ಕೇಳಿ. 6 ವೋಲ್ಟಿನ ಗಾಡಿಗಳಲ್ಲಿ ಹೆಡ್‌ಲೈಟ್ ಮಂಕು. ಎಂಜಿನ್ ಸ್ಲೋ ಇದ್ದಾಗ ಇಂಡಿಕೇಟರೂ ಸೋಮಾರಿಯಾಗುತ್ತದೆ. ಮೊದಲ ತಿಂಗಳು ಕತ್ತಲಾಗುವ ಮುಂಚೆ ಮನೆ ಸೇರುವ ನಿಯಮ ಇಟ್ಟುಕೊಳ್ಳಿ. ಆಟೊಬಾನ್‌ಗೆ ಹತ್ತುವ ಹಾಗಿಲ್ಲ. ನೀಲಿ ಫಲಕದಲ್ಲಿ ಕಾರಿನ ಚಿತ್ರ ಇರುವ ವೇಗದ ರಸ್ತೆಗೂ ಹೋಗುವ ಹಾಗಿಲ್ಲ. ಮ್ಯಾಪ್ ಆಪ್‌ನಲ್ಲಿ ಅಂಥ ರಸ್ತೆ ತಪ್ಪಿಸುವ ಆಯ್ಕೆ ಹಾಕಿ.

ಫೋರ್ ಸ್ಟ್ರೋಕ್ ಓಡಿಸಿ ಬಂದವರು ಕಲಿಯಲೇಬೇಕಾದ್ದು ಒಂದಿದೆ. ಉದ್ದದ ಇಳಿಜಾರಿನಲ್ಲಿ ಆಕ್ಸಿಲೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿಯಬೇಡಿ. ಪೆಟ್ರೋಲಿನ ಜೊತೆಗೇ ಎಣ್ಣೆ ಬರುವುದರಿಂದ, ಆಕ್ಸಿಲೇಟರ್ ಮುಚ್ಚಿದರೆ ಪಿಸ್ಟನ್ನಿಗೆ ಎಣ್ಣೆ ನಿಂತಂತೆಯೇ. ಚಕ್ರ ಮಾತ್ರ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತಲೇ ಇರುತ್ತದೆ. ಆಗಾಗ ಸ್ವಲ್ಪ ಆಕ್ಸಿಲೇಟರ್ ಕೊಡುತ್ತಾ ಇಳಿಯಿರಿ, ವೇಗವನ್ನು ಬ್ರೇಕಿನಿಂದ ಹಿಡಿಯಿರಿ. ತುರಿಂಗಿಯಾದ ಬೆಟ್ಟದ ರಸ್ತೆಗಳಲ್ಲಿ ಇದು ಬಹಳ ಮುಖ್ಯ. ಓಡುವಾಗ ಎಂಜಿನ್ ಇದ್ದಕ್ಕಿದ್ದಂತೆ ಬಿಗಿಯಾಗಿ ಎಳೆದಂತೆ ಅನ್ನಿಸಿದರೆ ತಕ್ಷಣ ಕ್ಲಚ್ ಹಿಡಿಯಿರಿ. ಹಿಂದಿನ ಚಕ್ರ ಲಾಕ್ ಆಗುವುದು ತಪ್ಪುತ್ತದೆ.

ನಿಲ್ಲಿಸಿದಾಗ ಕಾಕ್ ಮುಚ್ಚುವುದನ್ನು ಅಭ್ಯಾಸ ಮಾಡಿಕೊಳ್ಳಿ. ಫ್ಲೋಟ್ ಸೂಜಿ ಸ್ವಲ್ಪ ಸೋರಿದರೂ ರಾತ್ರಿಯೆಲ್ಲ ಪೆಟ್ರೋಲ್ ಎಂಜಿನ್ನಿನೊಳಗೆ ಇಳಿದಿರುತ್ತದೆ.

ಮೊದಲ ವರ್ಷದ ಆರೈಕೆ

ಮೊದಲ ವಾರದ ನಂತರ ಎಲ್ಲ ನಟ್ಟು ಬೋಲ್ಟು ಒಮ್ಮೆ ಬಿಗಿ ಮಾಡಿ, ಇಂಥ ಎಂಜಿನ್ನುಗಳು ಅದುರಿ ಅದುರಿ ಸಡಿಲ ಮಾಡುತ್ತವೆ. ಸೈಲೆನ್ಸರಿನ ಬೆಂಡ್ ಪೈಪು ಸಿಲಿಂಡರಿಗೆ ಸೇರುವಲ್ಲಿ ಕಪ್ಪು ಎಣ್ಣೆ ಸೋರುವುದು ಸಿಮ್ಸನ್‌ನ ಹಳೇ ಚಾಳಿ. ಆ ದೊಡ್ಡ ನಟ್ಟಿಗೆ ಕೊಕ್ಕೆಯ ಪಾನ ಬೇಕು, ಸುತ್ತಿಗೆಯಿಂದ ಹೊಡೆದು ತಿರುಗಿಸಿದರೆ ಅಲ್ಯುಮಿನಿಯಂ ಅಂಚು ಕಿತ್ತುಬರುತ್ತದೆ. ಎಂಜಿನ್ ಬೆಚ್ಚಗಿರುವಾಗ ಬಿಗಿ ಮಾಡಿ.

ಪ್ಲಗ್‌ನ ಬಣ್ಣ ಆಗಾಗ ನೋಡಿ. ಕಾಫಿಪುಡಿ ಬಣ್ಣ ಇದ್ದರೆ ಎಲ್ಲ ಸರಿ. ಬೆಳ್ಳಗೆ ಸುಟ್ಟಂತಿದ್ದರೆ ಎಲ್ಲೋ ಗಾಳಿ ಹೋಗುತ್ತಿದೆ, ಓಡಿಸುವುದು ನಿಲ್ಲಿಸಿ ಸೀಲು, ಪ್ಯಾಕಿಂಗ್ ನೋಡಿ. ಚೈನು ರಬ್ಬರ್ ಕೊಳವೆಯೊಳಗೆ ಅಡಗಿರುವುದರಿಂದ ಧೂಳು ಕೂರುವುದಿಲ್ಲ, ಆದರೆ ಕಣ್ಣಿಗೆ ಬೀಳದ್ದಕ್ಕೇ ಜನ ಮರೆಯುತ್ತಾರೆ. ಗ್ರೀಸ್ ಹಾಕಿ, ಸಡಿಲ ಎಷ್ಟಿದೆ ನೋಡಿ.

ಜುಲ್ ಕಡೆ ಹೋಗುವ ಅವಕಾಶ ಸಿಕ್ಕರೆ ಅಲ್ಲಿನ ವಾಹನ ಮ್ಯೂಸಿಯಂ ತಪ್ಪಿಸಬೇಡಿ. ನಿಮ್ಮ ಗಾಡಿಯ ಹಿರಿಯರೆಲ್ಲ ಅಲ್ಲಿ ಸಾಲಾಗಿ ನಿಂತಿದ್ದಾರೆ.

ನವೆಂಬರ್ ಬಂದು ರಸ್ತೆಗೆ ಉಪ್ಪು ಎರಚುವ ಮುಂಚೆ ಗಾಡಿ ಒಳಗಿಡಿ. ಟ್ಯಾಂಕ್ ಪೂರ್ತಿ ತುಂಬಿಸಿ, ಖಾಲಿ ಬಿಟ್ಟರೆ ತೇವ ಸೇರಿ ತುಕ್ಕು ಹಿಡಿಯುತ್ತದೆ. ಕಾಕ್ ಮುಚ್ಚಿ, ಎಂಜಿನ್ ತಾನೇ ನಿಲ್ಲುವ ತನಕ ಓಡಿಸಿ ಬಟ್ಟಲು ಖಾಲಿ ಮಾಡಿ. ಪ್ಲಗ್ ತೂತಿಗೆ ಒಂದು ಚಮಚ ಟೂ ಸ್ಟ್ರೋಕ್ ಎಣ್ಣೆ ಬಿಟ್ಟು ಕಿಕ್ಕರನ್ನು ಕೈಯಿಂದ ನಾಲ್ಕೈದು ಸಲ ಒತ್ತಿ, ಪ್ಲಗ್ ವಾಪಸ್ ಹಾಕಿ. ಬ್ಯಾಟರಿ ಬಿಚ್ಚಿ ಮನೆಯೊಳಗೆ ತಂದು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಫೆಬ್ರವರಿಯಲ್ಲೇ ಹೊಸ ಇನ್ಶೂರೆನ್ಸ್ ಪ್ಲೇಟು ತರಿಸಿ ಇಟ್ಟುಕೊಳ್ಳಿ, ಮಾರ್ಚ್ 1ರಂದು ಹಳೆಯದನ್ನು ಬಿಚ್ಚಿ ಅದನ್ನು ಹಾಕಿ, ಬ್ರೇಕು ಮತ್ತು ಟೈರಿನ ಗಾಳಿ ನೋಡಿಕೊಂಡು ಗಾಡಿ ಹೊರಗೆ ತೆಗೆಯಿರಿ.